ಇದು ಗಾಂಜಾ ಅಲ್ಲ, ಪುಂಡಿ
ಈ ಪಾತಿಯಲ್ಲಿರುವ ಗಿಡವನ್ನು ಗಾಂಜಾ ಎಂದುಕೊಳ್ಳುವವರೇ ಹೆಚ್ಚು. ಸಸ್ಯವಿಜ್ಞಾನಿ ಲಿನೇಯಸ್ ಕೂಡ ಎಲೆಯ ಹೋಲಿಕೆ ಹಿಡಿದೇ ಇದನ್ನು 1759ರಲ್ಲಿ ‘ಹೈಬಿಸ್ಕಸ್ ಕ್ಯಾನಬಿನಸ್’, ಅಂದರೆ ಗಾಂಜಾದಂಥ ದಾಸವಾಳ, ಎಂದು ಕರೆದ.

ಎಲೆ ತೊಟ್ಟಿಗೆ ಸೇರುವ ಜಾಗ ನೋಡಿ. ಗಾಂಜಾದಲ್ಲಿ ಗರಗಸದಂಚಿನ ಐದೋ ಏಳೋ ಕಿರುಎಲೆಗಳು ಒಂದೇ ಬಿಂದುವಿನಿಂದ ಬಿಡಿಬಿಡಿಯಾಗಿ ಹೊರಡುತ್ತವೆ. ಒಂದನ್ನು ಚಿವುಟಿದರೆ ಉಳಿದವು ಹಾಗೇ ಇರುತ್ತವೆ. ಪುಂಡಿಯದು ಎಷ್ಟೇ ಸೀಳಿದ್ದರೂ ಒಂದೇ ಎಲೆ, ಬುಡದಲ್ಲಿ ಕೂಡಿಕೊಂಡಿರುತ್ತದೆ. ಗಿಡದ ಕೆಳಭಾಗದ ಎಲೆಗಳಿಗೆ ಎಷ್ಟೋ ಸಲ ಸೀಳೇ ಇರುವುದಿಲ್ಲ.

ಹೂ ಬಿಟ್ಟ ಮೇಲಂತೂ ಅನುಮಾನವೇ ಬೇಡ. ಪುಂಡಿ ದಾಸವಾಳದ ಕುಲದ್ದು: ತಿಳಿಹಳದಿ ಎಸಳು, ನಡುವೆ ಕಡುಗೆಂಪು. ಗಾಂಜಾದ ಹೂ ಸಣ್ಣದು, ಹಸಿರು, ಎಸಳಿಲ್ಲದ್ದು.

ಎರಡೂ ನಾರು ಕೊಡುವ ಗಿಡಗಳೇ. ಗಾಂಜಾ ಬೆಳೆಯಲು 1985ರ ಮಾದಕವಸ್ತು ಕಾಯ್ದೆ ಅಡ್ಡಿ. ಪುಂಡಿಯ ಹುಳಿ ಎಲೆ ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿಯ ಜೊತೆಗೆ ಪಲ್ಲೆಯಾಗುತ್ತದೆ.