ಜೈಹೂನ್ ತಲುಪದ ಕಡಲು

ಇಮಾಮ್ ತಿರ್ಮಿದಿಯವರ ಹೆಸರು ಹದೀಸ್ ಗ್ರಂಥಗಳ ಪರಿಚಯವಿದ್ದವರಿಗೆಲ್ಲ ಗೊತ್ತು. ಅವರ ಊರು ತಿರ್ಮಿದ್ ಒಂದು ದೊಡ್ಡ ನದಿಯ ದಡದಲ್ಲಿದೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅರಬರು ಆ ನದಿಯನ್ನು ಜೈಹೂನ್ ಎಂದರು. ಇಂದಿನ ಹೆಸರು ಅಮು ದರಿಯಾ. ಅದರ ಜೋಡಿ ಸೈಹೂನ್, ಅಂದರೆ ಸಿರ್ ದರಿಯಾ. ಪಾಮೀರ್ ಮತ್ತು ತಿಯೆನ್ ಶಾನ್ ಪರ್ವತಗಳ ಹಿಮ ಕರಗಿ ಹರಿಯುವ ಈ ನದಿಗಳು ಮರುಭೂಮಿ ದಾಟಿ ಅರಲ್ ಸಮುದ್ರ ಸೇರುತ್ತಿದ್ದವು. ಹಳೆಯ ಭೂಗೋಳಜ್ಞರು ಅದನ್ನು ಖ್ವಾರಿಜ್ಮ್ ಸರೋವರವೆಂದು ಕರೆದಿದ್ದಾರೆ. ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರಿನಲ್ಲಿರುವುದು ಅದೇ ನಾಡು. ಭಾರತದ ಕುರಿತು ಗ್ರಂಥ ಬರೆದ ಅಲ್-ಬಿರೂನಿ 973ರಲ್ಲಿ ಹುಟ್ಟಿದ್ದೂ ಅಲ್ಲೇ.

ಆ ನಾಡು ಬದುಕಿದ್ದು ಕಾಲುವೆಗಳಿಂದ. ನೀರಿನ ಸರದಿ ನೋಡಿಕೊಳ್ಳಲು ಮೀರಾಬ್ ಎಂಬವನಿರುತ್ತಿದ್ದ. ಹೂಳೆತ್ತಲು ಊರವರೆಲ್ಲ ಬರಬೇಕಿತ್ತು. ದೊಡ್ಡ ನದಿ ಯಾರೊಬ್ಬರ ಸೊತ್ತೂ ಅಲ್ಲ ಎಂಬುದು ಫಿಕ್ಹ್‌ನ ನಿಯಮ. ಹಾಗೆಂದು ಎಲ್ಲವೂ ನ್ಯಾಯವಾಗಿಯೇ ನಡೆಯುತ್ತಿತ್ತೆಂದು ಭ್ರಮಿಸಬೇಕಿಲ್ಲ. ಖಾನರ, ಅಮೀರರ ಹೊಲಗಳಿಗೆ ನೀರು ಬೇಗ ಹೋಗುತ್ತಿತ್ತು. ಆದರೆ ನೀರು ಹಂಚುವವನು ನೀರಿನ ಪಕ್ಕದಲ್ಲೇ ವಾಸಿಸುತ್ತಿದ್ದ. 1221ರಲ್ಲಿ ಮಂಗೋಲರು ಗುರ್ಗಂಜ್ ನಗರವನ್ನು ನೆಲಸಮ ಮಾಡಿ ಅಣೆಕಟ್ಟುಗಳನ್ನು ಒಡೆದರು. ನದಿ ದಿಕ್ಕು ಬದಲಿಸಿ ಕ್ಯಾಸ್ಪಿಯನ್ ಕಡೆಗೆ ಹರಿಯಿತೆಂದು ಚರಿತ್ರೆಕಾರರು ಹೇಳುತ್ತಾರೆ. ಆ ಪೆಟ್ಟಿನಿಂದ ಕಡಲು ಚೇತರಿಸಿಕೊಂಡಿತು.

ಚೇತರಿಸಿಕೊಳ್ಳಲಾಗದ ಪೆಟ್ಟು ಬಿದ್ದದ್ದು ಕಡತಗಳಿಂದ. 1921ರ ಬರಗಾಲದಲ್ಲಿ ಲೆನಿನ್ ಮನವಿ ಮಾಡಿದಾಗ ಅರಲ್‌ನ ಬೆಸ್ತರು 14 ವ್ಯಾಗನ್ ಮೀನು ಕಳಿಸಿಕೊಟ್ಟಿದ್ದರು. ಅದೇ ಸೋವಿಯತ್ ಸರಕಾರ ಕೆಲವೇ ದಶಕಗಳಲ್ಲಿ ಅವರ ಕಡಲನ್ನು ಹತ್ತಿಗೆ ಬಲಿಕೊಟ್ಟಿತು. 1954ರಲ್ಲಿ ಆರಂಭವಾದ ಕರಾಕುಮ್ ಕಾಲುವೆ 1,300 ಕಿಲೋಮೀಟರಿಗೂ ಉದ್ದ ಬೆಳೆಯಿತು. ಮಣ್ಣಿನ ಕಾಲುವೆಯಾದ್ದರಿಂದ ಬಹಳಷ್ಟು ನೀರು ಮರಳಿನಲ್ಲೇ ಇಂಗಿತು. ಸಮುದ್ರ ಕುಗ್ಗುತ್ತದೆಂಬುದು ಯೋಜನೆ ರೂಪಿಸಿದವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಹತ್ತಿಯ ಆದಾಯ ಮೀನಿನ ಆದಾಯಕ್ಕಿಂತ ದೊಡ್ಡದೆಂದು ಅವರು ಲೆಕ್ಕ ಹಾಕಿದ್ದರು.

1960ರಲ್ಲಿ ಅರಲ್‌ನ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್. ಜಗತ್ತಿನ ನಾಲ್ಕನೇ ದೊಡ್ಡ ಸರೋವರ. 1980ರ ದಶಕದ ಹೊತ್ತಿಗೆ ನೀರು ಉಪ್ಪೇರಿ ಮೀನುಗಾರಿಕೆ ಮುಗಿಯಿತು. ಮೊಯ್ನಾಕ್ ಬಂದರಿನ ಮೀನು ಕಾರ್ಖಾನೆಗೆ ದೂರದ ಕಡಲುಗಳಿಂದ ಮೀನು ತರಿಸಿ ಕೆಲವು ಕಾಲ ಉಸಿರು ಹಿಡಿಸಲಾಯಿತು. ಇಂದು ಆ ಊರಿನ ಮರಳಿನಲ್ಲಿ ತುಕ್ಕು ಹಿಡಿದ ದೋಣಿಗಳಿವೆ. ಬತ್ತಿದ ತಳದಿಂದ ಉಪ್ಪು, ಕೀಟನಾಶಕ ಬೆರೆತ ಧೂಳೆದ್ದು ಕರಕಲ್ಪಾಕರ ಮನೆಗಳಿಗೆ ನುಗ್ಗುತ್ತದೆ.

ಸೋವಿಯತ್ ಒಕ್ಕೂಟ ಒಡೆದ ಮೇಲೆ 1992ರ ಫೆಬ್ರವರಿಯಲ್ಲಿ ಐದು ಗಣರಾಜ್ಯಗಳು ಅಲ್ಮಾತಿಯಲ್ಲಿ ಒಪ್ಪಂದ ಮಾಡಿಕೊಂಡವು. ನೀರಿಗಾಗಿ ಯುದ್ಧ ನಡೆಯಲಿಲ್ಲವೆಂಬುದು ಅದರ ದೊಡ್ಡ ಸಾಧನೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಹಂಚಿಕೆ ಮಾತ್ರ ಮಾಸ್ಕೋ ಹಾಕಿಕೊಟ್ಟ ಹಳೆಯ ಲೆಕ್ಕದ್ದೇ. ಹಿಂದೆ ಕಿರ್ಗಿಝ್ ಬೆಟ್ಟಗಳ ತೊಕ್ತೊಗುಲ್ ಜಲಾಶಯ ಬೇಸಿಗೆಯಲ್ಲಿ ಕೆಳಗಿನವರ ಹೊಲಕ್ಕೆ ನೀರು ಬಿಡುತ್ತಿತ್ತು, ಕೆಳಗಿನವರು ಚಳಿಗಾಲಕ್ಕೆ ಕಲ್ಲಿದ್ದಲು, ಅನಿಲ ಕಳಿಸುತ್ತಿದ್ದರು. ಸ್ವಾತಂತ್ರ್ಯದ ನಂತರ ಇಂಧನಕ್ಕೆ ಮಾರುಕಟ್ಟೆಯ ಬೆಲೆ ಬಂತು, ನೀರಿಗೆ ಬರಲಿಲ್ಲ. ಕಿರ್ಗಿಝರು ಚಳಿಗಾಲದಲ್ಲೇ ನೀರು ಬಿಟ್ಟು ವಿದ್ಯುತ್ ಮಾಡಿಕೊಂಡರು. 1998ರಲ್ಲಿ ಹಳೆಯ ವಿನಿಮಯವನ್ನು ಕಾಗದಕ್ಕಿಳಿಸಲಾಯಿತು. ಅದು ಬಹಳ ಕಾಲ ಬಾಳಲಿಲ್ಲ. ಎಲ್ಲರೂ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದಷ್ಟೇ ಕಡಲಿಗೆ.

2005ರಲ್ಲಿ ಕಝಾಕಿಸ್ತಾನ ವಿಶ್ವಬ್ಯಾಂಕಿನ ನೆರವಿನಿಂದ ಕೋಕ್-ಅರಲ್ ಅಣೆಕಟ್ಟು ಮುಗಿಸಿತು. ಉತ್ತರದ ಕಿರು ಅರಲ್ ತುಂಬಿತು, ಮೀನು ಮರಳಿತು. ಆದರೆ ಸಿರ್ ದರಿಯಾದ ನೀರು ದಕ್ಷಿಣಕ್ಕೆ ಹರಿಯುವುದು ಕಡಿಮೆಯಾಯಿತು. 2014ರಲ್ಲಿ ದಕ್ಷಿಣ ಅರಲ್‌ನ ಪೂರ್ವ ಭಾಗ ಪೂರ್ತಿ ಬತ್ತಿತು. ಕಝಾಕರನ್ನು ದೂರಲಾಗದು, ಉಳಿಸಬಹುದಾದುದನ್ನು ಅವರು ಉಳಿಸಿಕೊಂಡರು.

ಅಲ್ಮಾತಿಯ ಮೇಜಿನ ಸುತ್ತ ಒಂದು ಕುರ್ಚಿ ಮಾತ್ರ ಇರಲೇ ಇಲ್ಲ, ಅಫಘಾನಿಸ್ತಾನದ್ದು. ಅಮು ದರಿಯಾ ಅದರ ಉತ್ತರದ ಗಡಿಯಾಗಿ ಬಹುದೂರ ಹರಿಯುತ್ತದೆ. ದಶಕಗಳ ಯುದ್ಧದಲ್ಲಿ ಬೇಯುತ್ತಿದ್ದ ಆ ದೇಶ ತನ್ನ ಪಾಲು ಕೇಳುವ ಸ್ಥಿತಿಯಲ್ಲಿರಲಿಲ್ಲ, ಯಾರೂ ಕರೆಯಲೂ ಇಲ್ಲ. 2022ರಲ್ಲಿ ತಾಲಿಬಾನ್ ಸರಕಾರ ಆ ನದಿಯಿಂದಲೇ 285 ಕಿಲೋಮೀಟರ್ ಉದ್ದದ ಕೋಶ್ ತೆಪಾ ಕಾಲುವೆ ತೋಡಲು ಆರಂಭಿಸಿತು. ತಾನು ಸಹಿ ಹಾಕದ ಒಪ್ಪಂದವನ್ನು ಅದು ಮುರಿದಿದೆ ಎನ್ನಲು ಸಾಧ್ಯವಿಲ್ಲ. ಆ ಕಾಲುವೆಯೂ ಬಹುಪಾಲು ಮಣ್ಣಿನದೇ.