ಮಾದಕದ ಕೊಳೆ, ರೈತನ ಹೊರೆ

1912ರಲ್ಲಿ ಜರ್ಮನಿಯ ಮೆರ್ಕ್ ಕಂಪನಿಯ ಪ್ರಯೋಗಾಲಯದಲ್ಲಿ ತಯಾರಾದ ಎಂಡಿಎಂಎ ಎಂಬ ರಾಸಾಯನಿಕ ಮುಂದೆ ‘ಎಕ್ಸ್‌ಟಸಿ’ ಗುಳಿಗೆಯಾಗಿ ಕುಖ್ಯಾತವಾಯಿತು. ನೆದರ್ಲೆಂಡ್ಸ್ 1988ರಲ್ಲಿ ಇದನ್ನು ನಿಷೇಧಿಸಿತು. ಆದರೂ ದಕ್ಷಿಣದ ಬ್ರಬಾಂಟ್ ಪ್ರಾಂತ್ಯದಲ್ಲಿ ಕಳ್ಳ ತಯಾರಿಕೆ ಬೇರೂರಿತು.

ಒಂದು ಕಿಲೋ ಎಂಡಿಎಂಎ ತಯಾರಿಸಿದರೆ 6ರಿಂದ 10 ಕಿಲೋ ತ್ಯಾಜ್ಯ ಉಳಿಯುತ್ತದೆಂಬುದು ಐರೋಪ್ಯ ತಜ್ಞರ ಅಂದಾಜು. ಆಮ್ಲ, ದ್ರಾವಕ ತುಂಬಿದ ಪೀಪಾಯಿಗಳನ್ನು ರಾತ್ರೋರಾತ್ರಿ ಕಾಡಿನಲ್ಲೋ ಹೊಲದ ಬದುವಿನಲ್ಲೋ ಎಸೆದು ಹೋಗುತ್ತಾರೆ. ಸೋರಿದ ವಿಷ ಮಣ್ಣಿಗಿಳಿದು ಅಂತರ್ಜಲವನ್ನೂ ಕೆಡಿಸಬಲ್ಲದು.

ಎಸೆದವರು ಸಿಗುವುದು ಅಪರೂಪ. ಹೀಗಾಗಿ ಖಾಸಗಿ ಜಮೀನಾದರೆ ಶುದ್ಧೀಕರಣದ ವೆಚ್ಚ ಒಡೆಯನ ತಲೆಗೇ ಬೀಳುತ್ತಿತ್ತು. 2015ರಿಂದ ಅರ್ಧ ವೆಚ್ಚಕ್ಕೆ ಸರ್ಕಾರಿ ನೆರವು ಬಂತು. ಮುಂದೆ ಆ ಪಾಲು ಹೆಚ್ಚಿತು. ಆದರೆ ಅದೂ ತೆರಿಗೆದಾರರ ಹಣವೇ. ಲಾಭ ಕಳ್ಳರಿಗೆ, ಕೊಳೆ ತೊಳೆಯುವ ಖರ್ಚು ಊರಿಗೆ!