ಅಜ್ಜಿಯ ವಂಕಿ

ಮಗಳಿಗೆ ಆರು ತಿಂಗಳಾದಾಗ ಮಳವಳ್ಳಿಗೆ ಹೋಗಿದ್ದೆ. ಕಾಪರ್-ಟಿ ಹಾಕಿಸ್ಕೋತೀನಿ ಅಂದಿದ್ದೇ ತಡ, ಅಜ್ಜಿ ಕೈಲಿದ್ದ ಮೊರ ಕೆಳಗಿಟ್ಟಳು. "ಬ್ಯಾಡ ಕನವ್ವ, ಆ ವಂಕಿ ಸವಾಸ."

ತೋಳಿನ ಒಡವೆಯ ಹೆಸರೇ ಗರ್ಭಕೋಶದೊಳಗಿನ ಈ ಸಾಧನಕ್ಕೂ. ಅಜ್ಜಿಗೆ ಹಾಕಿದ್ದು ಮಾತ್ರ ಲಿಪ್ಪೀಸ್ ಲೂಪ್: ಅಮೆರಿಕದ ವೈದ್ಯ ಜ್ಯಾಕ್ ಲಿಪ್ಪೀಸ್ ರೂಪಿಸಿದ, ಹಾವಿನ ಹಾಗೆ ಡೊಂಕುಡೊಂಕಾದ ಪ್ಲಾಸ್ಟಿಕ್ಕು. 1965ರಲ್ಲಿ ಭಾರತ ಸರ್ಕಾರ ಅದನ್ನು ದೇಶಕ್ಕೆಲ್ಲ ತಂದಿತು, ಕಾನ್ಪುರದಲ್ಲಿ ಕಾರ್ಖಾನೆಯನ್ನೂ ತೆರೆಯಿತು. ಇಷ್ಟು ಜನಕ್ಕೆ ಹಾಕಬೇಕು ಅಂತ ಗುರಿ, ಹಾಕಿಸಿಕೊಂಡವರಿಗೆ ದುಡ್ಡು. ಅಜ್ಜಿಗೆ ತಿಂಗಳುಗಟ್ಟಲೆ ರಕ್ತ ಹೋಯಿತು. "ಹಾಕ್ಬುಟ್ಟು ಹೊಂಟೋದ್ರು. ಯಾರೂ ತಿರುಗಿ ನೋಡ್ನಿಲ್ಲ."

ನಮ್ಮ ಸೀಮೆ ಈ ವಿಷಯಕ್ಕೆ ಹೊಸದೇನಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ಕು ತೆರೆಯಲು ಆದೇಶಿಸಿತ್ತು. ಆಗ ಬೇರೆ ಸರ್ಕಾರಗಳು ಬಾಯಿ ಬಿಡಲೂ ಹಿಂಜರಿಯುತ್ತಿದ್ದವು. 1950ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಮದ್ದೂರಿಗೆ ಹೋಗೋ ದಾರಿಯ ರಾಮನಗರದಲ್ಲಿ ಕೂತು, ಬಣ್ಣದ ಮಣಿಸರ ಕೊಟ್ಟು 'ಸುರಕ್ಷಿತ ದಿನ' ಎಣಿಸೋದು ಕಲಿಸಿದರು. ಫಲ ಅಷ್ಟಕ್ಕಷ್ಟೇ. ಆದರೆ ಅಲ್ಲಿ ಹೆಂಗಸರ ಜೊತೆ ಕೂತು ಮಾತಾಡುವಷ್ಟು ಪುರುಸೊತ್ತಿತ್ತು. ಲೂಪಿನ ಕಾಲಕ್ಕೆ ಅದೇ ಇರಲಿಲ್ಲ. ಎರಡು ಮೂರು ವರ್ಷದಲ್ಲೇ ಜನ ಅದಕ್ಕೆ ಬೆನ್ನು ತಿರುಗಿಸಿದರು. ಅದನ್ನು 'ವದಂತಿ' ಅಂತ ತಳ್ಳಿಹಾಕೋದು ಅನ್ಯಾಯ. ಅಜ್ಜಿಯ ರಕ್ತ ವದಂತಿಯಲ್ಲ.

ಭಯ ಹುಟ್ಟಿಸಿದ ಇನ್ನೊಂದು ಕಥೆ ಅಮೆರಿಕದ್ದು: ಡಾಲ್ಕನ್ ಶೀಲ್ಡ್. ಹಲವು ಎಳೆ ಸೇರಿಸಿದ ಅದರ ದಾರದ ಗುಂಟ ಸೋಂಕು ಒಳಗೇರುತ್ತಿತ್ತು. 1974ರಲ್ಲಿ ಅಲ್ಲಿ ಮಾರಾಟ ನಿಂತಿತು.

ಈಗಿನ 380ಎ ಬೇರೆ ಜಾತಿಯದು. ಅದರ ತಾಮ್ರ ವೀರ್ಯಾಣುಗಳನ್ನು ಅಂಡ ಮುಟ್ಟುವ ಮೊದಲೇ ನಿಷ್ಕ್ರಿಯ ಮಾಡುತ್ತದೆ. ಹತ್ತು ವರ್ಷ ಬಾಳಿಕೆ. ಮೊದಲ ವರ್ಷ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನ ಬಸಿರಾಗುತ್ತಾರೆ. ತೆಗೆಸಿದರೆ ಮತ್ತೆ ಮಗುವಾಗಬಹುದು. ತೊಂದರೆಯೇ ಇಲ್ಲ ಅನ್ನೋ ಹಾಗಿಲ್ಲ. ಮೊದಲ ಕೆಲವು ತಿಂಗಳು ಮುಟ್ಟಿನ ರಕ್ತ, ನೋವು ಹೆಚ್ಚಬಹುದು. ಕೆಲವರಲ್ಲಿ ಜಾರಿ ಬೀಳುತ್ತದೆ. ಗರ್ಭಕೋಶಕ್ಕೆ ತೂತಾಗೋದು ಸುಮಾರು ಸಾವಿರಕ್ಕೊಂದು. ಸೋಂಕಿನ ಅಪಾಯ ಹೆಚ್ಚಿರೋದು ಮೊದಲ ಮೂರು ವಾರ. ಅಂದರೆ, ಅಜ್ಜಿಯನ್ನು ಯಾರೂ ತಿರುಗಿ ನೋಡದೇ ಇದ್ದ ಅದೇ ದಿನಗಳು.

ಹಾಕಿಸಿಕೊಂಡು ಬಂದ ದಿನ ಫೋನ್ ಮಾಡಿದೆ. ಬೈತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಮತ್ತೆ ಯಾವತ್ತು ನೋಡ್ತಾರಂತೆ?" ಕಾರ್ಡಿನಲ್ಲಿ ನರ್ಸು ಬರೆದಿದ್ದ ತಾರೀಕನ್ನು ಎರಡು ಸಲ ಓದಿ ಹೇಳಿದೆ.